ಆಯ್ಕೆ ಪಟ್ಟಿಯ ಮೊದಲ ಸಾಲು

2019ರ ಏಪ್ರಿಲ್ 15ರಂದು ದ್ವಿತೀಯ ಪಿಯುಸಿ ಫಲಿತಾಂಶ ಬಂದಾಗ ಮಂಡ್ಯ ಜಿಲ್ಲೆಯ ಜನ ಲೋಕಸಭಾ ಚುನಾವಣೆಯ ಕಾವಿನಲ್ಲಿದ್ದರು. ಮತದಾನಕ್ಕೆ ಮೂರು ದಿನ ಉಳಿದಿತ್ತು. ನಮ್ಮೂರಿನ ಅರಳಿಕಟ್ಟೆಯಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಅದೊಂದೇ ಮಾತು. ನಾನು ಚಿಕ್ಕಪ್ಪನ ಮಗನ ಫೋನಿನಲ್ಲಿ ಅಂಕ ನೋಡಿಕೊಂಡು ಗದ್ದೆಯ ಕಡೆ ಓಡಿದೆ. ಅಪ್ಪ ಕೂಳೆ ಕಬ್ಬಿಗೆ ಗೊಬ್ಬರ ಹಾಕುತ್ತಿದ್ದರು. ಆರುನೂರಕ್ಕೆ 531 ಬಂದಿದೆ ಎಂದೆ. ಅವರು ಕೈಯಲ್ಲಿದ್ದ ಯೂರಿಯಾವನ್ನು ಬುಟ್ಟಿಗೆ ಸುರಿದು, ಪಂಚೆಗೆ ಕೈ ಒರೆಸಿಕೊಂಡು, ನನ್ನ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಅವರ ಬಾಯಿಂದ ಬಂದ ಮೊದಲ ಮಾತು, "ಇಂಜಿನಿಯರಿಂಗ್ ಸಿಕ್ತದಾ ಮಗ?" ಎಂಬುದಾಗಿತ್ತು.

ಆ ಪ್ರಶ್ನೆ ಅಪ್ಪನೊಬ್ಬರದ್ದಾಗಿರಲಿಲ್ಲ. ನಮ್ಮದು ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿಯುವ ಊರು. ಭತ್ತ, ಕಬ್ಬು ಬಿಟ್ಟರೆ ಇನ್ನೊಂದು ಲೆಕ್ಕಾಚಾರ ಗೊತ್ತಿಲ್ಲದ ಮನೆಗಳೇ ಹೆಚ್ಚು. ಅಂಥ ಮನೆಯ ಮಕ್ಕಳಲ್ಲಿ ಓದು ಹತ್ತಿದವರನ್ನು ಇಂಜಿನಿಯರಿಂಗ್‌ಗೆ ಕಳಿಸುವುದು, ಅವರು ಮೈಸೂರಿಗೋ ಬೆಂಗಳೂರಿಗೋ ಹೋಗಿ ತಿಂಗಳ ಸಂಬಳ ತರುವುದು, ನಾನು ಹುಟ್ಟುವ ಮೊದಲೇ ಹಾಕಿಟ್ಟ ದಾರಿಯಾಗಿತ್ತು. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕಿದ್ದ ನನ್ನ ಸೋದರಮಾವ ಆ ದಾರಿಯಲ್ಲಿ ನಡೆದು ಗೆದ್ದವರು. ನಾನು ಪಿಯುಸಿಯಲ್ಲಿ ಪಿಸಿಎಂಬಿ ತೆಗೆದುಕೊಂಡಾಗ, "ಜೀವಶಾಸ್ತ್ರ ಇರಲಿ, ತೊಂದರೆ ಇಲ್ಲ, ಗಣಿತ ಮಾತ್ರ ಬಿಡಬೇಡ" ಎಂದು ಅವರು ಹೇಳಿದ್ದರ ಅರ್ಥ ನನಗೂ ತಿಳಿದಿತ್ತು. ನನಗೆ ನಿಜವಾಗಿ ಏನು ಬೇಕು ಎಂದು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ.

ಬೇರೆ ದಾರಿಯೊಂದಿದೆ ಎಂದು ತೋರಿಸಿದ್ದು ಫೆಬ್ರುವರಿಯಲ್ಲಿ ತುಂಬಿದ, ವೃತ್ತಿಪರ ಕೋರ್ಸುಗಳ ಪ್ರವೇಶ ಪರೀಕ್ಷೆಯಾದ ಸಿಇಟಿಯ ಅರ್ಜಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಆ ಅರ್ಜಿಯನ್ನು ಕಾಲೇಜಿನ ಕಂಪ್ಯೂಟರ್ ಕೊಠಡಿಯಲ್ಲಿ ಕೂತು ತುಂಬುತ್ತಿದ್ದಾಗ, ನಮ್ಮ ಜೀವಶಾಸ್ತ್ರದ ಮೇಡಂ ಒಬ್ಬೊಬ್ಬರ ಹಿಂದೆಯೂ ನಿಂತು ನೋಡುತ್ತಿದ್ದರು. ನನ್ನ ಪರದೆಯ ಮೇಲೆ 'ಕೃಷಿಕರ ಕೋಟಾ ಕೋರುವಿರಾ' ಎಂಬ ಪ್ರಶ್ನೆ ಬಂದಿತ್ತು. ನಾನು 'ಇಲ್ಲ' ಎಂದು ಒತ್ತಿ ಮುಂದೆ ಹೋಗುವವಳಿದ್ದೆ. ಅವರು ತಡೆದರು. "ನಿಮ್ಮಪ್ಪ ಏನು ಮಾಡ್ತಾರೆ?" ಎಂದರು. ವ್ಯವಸಾಯ ಎಂದೆ. "ಹಾಗಾದರೆ ಇದು ನಿನಗೇ ಇರುವುದು" ಎಂದು ಹೇಳಿ, ಕೃಷಿ ವಿಶ್ವವಿದ್ಯಾಲಯಗಳ ಪದವಿಗಳಲ್ಲಿ ಕೃಷಿಕರ ಮಕ್ಕಳಿಗೆ ಆಗ ಶೇ 40ರಷ್ಟು ಸೀಟು ಮೀಸಲಿದ್ದುದನ್ನೂ, ಅದಕ್ಕೆ ಪ್ರತ್ಯೇಕವಾಗಿ ಪ್ರಾಯೋಗಿಕ ಪರೀಕ್ಷೆ ನಡೆಯುವುದನ್ನೂ ವಿವರಿಸಿದರು. ಆ ಕೋಟಾದ ರ‍್ಯಾಂಕಿನಲ್ಲಿ ಅರ್ಧ ಪಾಲು ಪ್ರಾಯೋಗಿಕ ಪರೀಕ್ಷೆಗೆ, ಉಳಿದರ್ಧ ಪಿಯುಸಿ ಅಂಕಕ್ಕೂ ಸಿಇಟಿ ಅಂಕಕ್ಕೂ ಸಮನಾಗಿ ಸಲ್ಲುತ್ತದೆ ಎಂದು ತಿಳಿದಾಗ ನನಗೆ ಆಶ್ಚರ್ಯವಾಯಿತು. ಬೀಜ, ಗೊಬ್ಬರ, ಕುಂಟೆ, ನೇಗಿಲು ಗುರುತಿಸಿದರೆ ಅಂಕ ಕೊಡುವ ಪರೀಕ್ಷೆಯೊಂದು ಇದೆ ಎಂದು ಹನ್ನೆರಡು ವರ್ಷದ ಓದಿನಲ್ಲಿ ನಾನು ಕೇಳಿಯೇ ಇರಲಿಲ್ಲ. 'ಹೌದು' ಎಂದು ಒತ್ತಿದೆ. ಮನೆಯಲ್ಲಿ ಹೇಳಲಿಲ್ಲ.

ಆ ಒಂದು ಗುರುತು ಎಷ್ಟು ಕಾಗದಗಳನ್ನು ಬೇಡುತ್ತದೆ ಎಂಬುದು ಆಮೇಲೆ ಗೊತ್ತಾಯಿತು. ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮಾಂತರ ಪ್ರದೇಶದಲ್ಲಿ ಓದಿದ್ದಕ್ಕೆ ಪ್ರಮಾಣಪತ್ರ ಬೇಕು. ಕನ್ನಡ ಮಾಧ್ಯಮದ ಮೀಸಲಾತಿಗೆ ಅದೇ ಹತ್ತು ವರ್ಷ ಕನ್ನಡದಲ್ಲಿ ಓದಿದ್ದಕ್ಕೆ ಇನ್ನೊಂದು ಬೇಕು. ಎರಡಕ್ಕೂ ಮುಖ್ಯೋಪಾಧ್ಯಾಯರ ಸಹಿಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಇರಬೇಕು. ನಾನು ಏಳನೆಯ ತರಗತಿಯವರೆಗೆ ಊರಿನ ಸರ್ಕಾರಿ ಶಾಲೆಯಲ್ಲಿ, ಅಲ್ಲಿಂದ ಮುಂದೆ ಮೂರು ಕಿಲೋಮೀಟರ್ ದೂರದ ಪ್ರೌಢಶಾಲೆಯಲ್ಲಿ ಓದಿದ್ದರಿಂದ ಎರಡು ಶಾಲೆ, ನಾಲ್ಕು ಪತ್ರ. ಇವು ಹತ್ತು ದಿನದಲ್ಲಿ ಮುಗಿದವು. ನಾಡಕಚೇರಿಯಿಂದ 3ಎ ಪ್ರವರ್ಗದ ಜಾತಿ ಮತ್ತು ಆದಾಯ ಪ್ರಮಾಣಪತ್ರವೂ ಬಂತು. ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನು ನಾನು ಬಾಯಿಪಾಠ ಮಾಡಿಕೊಂಡಿದ್ದೆ, ಈಗಲೂ ನೆನಪಿದೆ.

ಕಷ್ಟವಾದದ್ದು ಕೃಷಿಕರ ಕುಟುಂಬ ಎಂದು ತೋರಿಸುವ ಕಾಗದ. ಹುಟ್ಟಿದಂದಿನಿಂದ ಗದ್ದೆಯ ಬದುವಿನ ಮೇಲೆ ಬೆಳೆದ ನಾನು ಕೃಷಿಕರ ಮಗಳು ಎಂದು ತೋರಿಸುವುದು ಎಲ್ಲಕ್ಕಿಂತ ಸುಲಭ ಎಂದುಕೊಂಡಿದ್ದೆ. ಆದರೆ ಪಹಣಿ ಇನ್ನೂ ತಾತನ ಹೆಸರಿನಲ್ಲಿತ್ತು. ತಾತ ತೀರಿಕೊಂಡು ಆರು ವರ್ಷವಾಗಿದ್ದರೂ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆ ಮಾಡಿಸಿರಲಿಲ್ಲ. ಅಪ್ಪ ಉಳುತ್ತಿದ್ದ ಜಮೀನು ಅಪ್ಪನದು ಎಂದು ಹೇಳುವ ಒಂದು ಸಾಲೂ ಸರ್ಕಾರದ ದಾಖಲೆಯಲ್ಲಿರಲಿಲ್ಲ. ವಂಶವೃಕ್ಷ ಮಾಡಿಸಿ, ತಾತನಿಗೂ ನಮಗೂ ಇರುವ ಸಂಬಂಧ ತೋರಿಸಿದರೆ ಮಾತ್ರ ಪ್ರಮಾಣಪತ್ರ ಸಿಗುತ್ತದೆ ಎಂದರು. ವಂಶವೃಕ್ಷಕ್ಕೆ ಮನೆಯ ಹಿರಿಯರ ಒಪ್ಪಿಗೆ ಬೇಕು. ನಮ್ಮ ದೊಡ್ಡಪ್ಪನ ಮನೆಗೂ ನಮ್ಮ ಮನೆಗೂ ಮೂರು ವರ್ಷದಿಂದ ಮಾತಿರಲಿಲ್ಲ. ಜಗಳದ ಮೂಲ ಒಂದು ಬದು. ಅದನ್ನು ಇಲ್ಲಿ ಬೆಳೆಸುವುದು ಬೇಡ.

ಅಪ್ಪನಿಗೆ ಎಲ್ಲವನ್ನೂ ಹೇಳಲೇಬೇಕಾಯಿತು. ಕೃಷಿ ಕೋಟಾ ಎಂದು ಕೇಳಿ ಅವರ ಮುಖ ಗಂಟಾಯಿತು. ಆದರೂ, "ಇರಲಿ, ಒಂದು ಕಾಗದ ಕೈಲಿದ್ರೆ ನಷ್ಟವೇನಿಲ್ಲ" ಎಂದು ಆ ಸಂಜೆ ಎದ್ದು ಹೊರಟರು. ನಾನೂ ಜೊತೆಗೆ ಹೋದೆ. ದೊಡ್ಡಪ್ಪನ ಮನೆ ನಮ್ಮ ಬೀದಿಯ ಕೊನೆಗೇ ಇದೆ. ಅಷ್ಟು ದೂರ ನಡೆಯುವುದರೊಳಗೆ ಅಪ್ಪ ಎರಡು ಸಲ ನಿಂತರು. ದೊಡ್ಡಪ್ಪ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಅಪ್ಪ ಬಾಗಿಲ ಬಳಿ ನಿಂತರೇ ಹೊರತು ಒಳಗೆ ಕಾಲಿಡಲಿಲ್ಲ. "ಮಗೀಗೆ ಕಾಲೇಜಿಗೆ ಒಂದು ಕಾಗದ ಬೇಕಂತೆ" ಎಂದರು. ದೊಡ್ಡಪ್ಪ ನನ್ನ ಕಡೆ ನೋಡಿ, "ಎಲ್ಲಿಗೆ ಬರಬೇಕು, ಯಾವತ್ತು?" ಎಂದು ಮಾತ್ರ ಕೇಳಿದರು. ಎರಡು ದಿನ ಬಿಟ್ಟು ಬಂದು ಸಹಿ ಹಾಕಿದರು, ಬಂದ ಹಾಗೆಯೇ ಹೋದರು. ಅಪ್ಪನೊಡನೆ ಆ ದಿನವೂ ಮಾತಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ತಾತನ ಹೆಸರಿನ ಮೊದಲ ಅಕ್ಷರಕ್ಕೆ ಪಹಣಿಯಲ್ಲಿ ದೀರ್ಘವಿತ್ತು, ಮರಣ ಪ್ರಮಾಣಪತ್ರದಲ್ಲಿ ಇರಲಿಲ್ಲ. ಒಂದು ದೀರ್ಘದ ಸಲುವಾಗಿ ನಾವು ಒಂದು ಕಚೇರಿಯ ಮುಂದಿನ ಬೇವಿನ ಮರದ ಕೆಳಗೆ ನಾಲ್ಕು ಸಲ ಕಾದೆವು. ಪ್ರತಿ ಸಲವೂ ಬರುವ ಸೋಮವಾರ ಎಂಬ ಉತ್ತರವೇ ಸಿಕ್ಕಿತು. ಚುನಾವಣೆ ಕೆಲಸ ಎಂದು ಅರ್ಧ ಸಿಬ್ಬಂದಿ ಇರುತ್ತಿರಲಿಲ್ಲ, ಅದು ನಿಜ. ಆದರೆ ಎರಡೂ ಹೆಸರು ಒಬ್ಬರದೇ ಎಂದು ನೋಟರಿಯ ಮುಂದೆ ಪ್ರಮಾಣ ಮಾಡಿ ಒಂದು ಅಫಿಡವಿಟ್ ಕೊಟ್ಟರೆ ಸಾಕು ಎಂಬುದನ್ನು ಮೊದಲ ದಿನವೇ ಯಾರಾದರೂ ಹೇಳಿದ್ದರೆ ಅಪ್ಪನ ನಾಲ್ಕು ದಿನದ ಕೆಲಸ ಉಳಿಯುತ್ತಿತ್ತು. ಕೊನೆಗೆ ಅದನ್ನು ಹೇಳಿದವರು ಹೊರಗೆ ಅರ್ಜಿ ಬರೆಯುತ್ತಾ ಕೂತಿದ್ದ ಮುದುಕರೊಬ್ಬರು. ಕಾಗದ ಕೈಗೆ ಬಂದಾಗ ಸಿಇಟಿಗೆ ಐದು ದಿನ ಉಳಿದಿತ್ತು.

ಚುನಾವಣೆಯ ಕಾರಣದಿಂದ ಆ ವರ್ಷ ಸಿಇಟಿ ಮುಂದಕ್ಕೆ ಹೋಗಿ ಏಪ್ರಿಲ್ 29 ಮತ್ತು 30ರಂದು ನಡೆಯಿತು. ಮೊದಲ ದಿನ ಜೀವಶಾಸ್ತ್ರ, ಗಣಿತ. ಮರುದಿನ ಭೌತಶಾಸ್ತ್ರ, ರಸಾಯನಶಾಸ್ತ್ರ. ಒಂದೊಂದಕ್ಕೂ ಅರವತ್ತು ಪ್ರಶ್ನೆ, ಎಂಬತ್ತು ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ ಒಂದನ್ನೂ ಬಿಡದೆ ತುಂಬಿದೆ. ಗಣಿತದಲ್ಲಿ ಕೊನೆಯ ಒಂಬತ್ತು ಪ್ರಶ್ನೆಗಳನ್ನು ಓದಲು ಸಮಯವೇ ಸಿಗಲಿಲ್ಲ. ಜೀವಶಾಸ್ತ್ರ ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಆಯಿತು. ಪರೀಕ್ಷೆಯ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವಂಥದ್ದೇನೂ ಇಲ್ಲ.

ಮೇ ತಿಂಗಳ ಕೊನೆಯ ವಾರ ಮಾವನ ಮನೆಯಲ್ಲಿ ಉಳಿದು ಮೈಸೂರಿನ ಕಾಲೇಜುಗಳನ್ನು ನೋಡಿದೆ. ಕಾಲೇಜನ್ನು ಕಣ್ಣಾರೆ ಕಾಣದೆ ಪಟ್ಟಿಯಲ್ಲಿ ಬರೆಯಬಾರದು ಎಂಬುದು ಮಾವನ ಹಟ, ಮತ್ತು ಆ ಹಟಕ್ಕೆ ನಾನು ಇಂದಿಗೂ ಋಣಿ. ಎನ್‌ಐಇ ಇಂಜಿನಿಯರಿಂಗ್ ಕಾಲೇಜಿನ ಗೇಟಿನಲ್ಲಿ ನಿಂತು ಅವರು, 1946ರಲ್ಲಿ ಆರಂಭವಾದದ್ದು, ಇಲ್ಲಿ ಓದಿದವರು ಇಲ್ಲದ ದೇಶವಿಲ್ಲ ಎಂದು ಹೆಮ್ಮೆಯಿಂದ ಹೇಳಿದರು. ಮಾನಸಗಂಗೋತ್ರಿಯ ಕಡೆಯಿಂದ ಎಸ್‌ಜೆಸಿಇ ಆವರಣಕ್ಕೆ ಹೋದೆವು. ದೊಡ್ಡ ಮರಗಳು, ಅಗಲವಾದ ರಸ್ತೆಗಳು, ಬೆನ್ನಿಗೆ ಚೀಲ ಹಾಕಿಕೊಂಡು ಓಡಾಡುವ ಹುಡುಗ ಹುಡುಗಿಯರು. ಎಲ್ಲವೂ ಚೆನ್ನಾಗಿತ್ತು. ಆದರೆ ಪ್ರಯೋಗಾಲಯದ ಕಿಟಕಿಯಲ್ಲಿ ಇಣುಕಿ ಯಂತ್ರಗಳನ್ನು ನೋಡುವಾಗ, ಇವು ಏನು ಮಾಡುತ್ತವೆ ಎಂದು ಕೇಳಬೇಕೆಂಬ ಆಸೆ ನನ್ನೊಳಗೆ ಹುಟ್ಟಲಿಲ್ಲ. ಮಾವ ಕೇಳುತ್ತಿದ್ದರು, ನಾನು ಕೇಳಿಸಿಕೊಳ್ಳುತ್ತಿದ್ದೆ.

ಮರುದಿನ ನಾನಾಗಿ ಕೇಳಿ ಹೋದದ್ದು ಎರಡು ಕಡೆಗೆ. 1928ರಿಂದ ನಡೆಯುತ್ತಿರುವ ಯುವರಾಜ ಕಾಲೇಜಿನಲ್ಲಿ ಬಿ.ಎಸ್ಸಿ. ಅರ್ಜಿ ತೆಗೆದುಕೊಂಡೆವು, ಸಿಇಟಿಯಲ್ಲಿ ಎಲ್ಲವೂ ಕೈಕೊಟ್ಟರೆ ಅದು ನನ್ನ ನೆಲೆ ಎಂದು ನಿಶ್ಚಯಿಸಿಕೊಂಡಿದ್ದೆ. ಮತ್ತೊಂದು, ಪ್ರಾದೇಶಿಕ ಶಿಕ್ಷಣ ಸಂಸ್ಥೆ. ಪದವಿಯನ್ನೂ ಬಿ.ಇಡಿ.ಯನ್ನೂ ಕೂಡಿಸಿ ನಾಲ್ಕು ವರ್ಷದಲ್ಲಿ ಕಲಿಸುವ, ಎನ್‌ಸಿಇಆರ್‌ಟಿಗೆ ಸೇರಿದ, ದಕ್ಷಿಣದ ಎಲ್ಲ ರಾಜ್ಯಗಳಿಂದ ಮಕ್ಕಳು ಬರುವ ಸಂಸ್ಥೆ ನಮ್ಮ ಮನೆಯಿಂದ ಒಂದೂವರೆ ಗಂಟೆಯ ದಾರಿಯಲ್ಲಿದೆ. ಅದಕ್ಕೆ ಸಿಇಟಿ ಅಲ್ಲ, ಬೇರೆಯದೇ ಪ್ರವೇಶ ಪರೀಕ್ಷೆ. ಅರ್ಜಿಯ ಕೊನೆಯ ದಿನ ಆಗಲೇ ಕಳೆದಿತ್ತು. ಸೂಚನಾ ಫಲಕದ ಮುಂದೆ ನಿಂತು ಆ ದಿನಾಂಕವನ್ನು ಮತ್ತೆ ಮತ್ತೆ ಓದಿದೆ. ಸಿಇಟಿ ಒಂದೇ ಬಾಗಿಲು ಎಂದು ನಂಬಿ, ಉಳಿದ ಬಾಗಿಲುಗಳು ಯಾವಾಗ ತೆರೆದು ಯಾವಾಗ ಮುಚ್ಚುತ್ತವೆ ಎಂದು ಜನವರಿಯಲ್ಲೇ ಬರೆದಿಟ್ಟುಕೊಳ್ಳದೇ ಹೋದದ್ದು ನನ್ನದೇ ತಪ್ಪು. ಹಳ್ಳಿಯ ಮಕ್ಕಳಿಗೆ ಈ ತಪ್ಪು ಎಷ್ಟು ಸಲೀಸಾಗಿ ಆಗುತ್ತದೆ ಎಂಬುದು ಗೊತ್ತಿರುವುದರಿಂದ, ಪಿಯುಸಿ ಓದುವ ಯಾರೇ ಸಿಕ್ಕರೂ ನಾನು ಮೊದಲು ಕೇಳುವುದು ದಿನಾಂಕಗಳನ್ನೇ.

ಪ್ರಾಯೋಗಿಕ ಪರೀಕ್ಷೆಗೆ ಸಿದ್ಧಳಾದದ್ದು ಅಜ್ಜಿಯಿಂದ. ಮೇಡಂ ಕೊಟ್ಟ ಪಟ್ಟಿಯಲ್ಲಿ ಕೃಷಿ, ತೋಟಗಾರಿಕೆ, ರೇಷ್ಮೆ, ಪಶುಸಂಗೋಪನೆ, ಮೀನುಗಾರಿಕೆ ಎಲ್ಲವೂ ಇದ್ದವು. ಭತ್ತ, ಕಬ್ಬು, ರಾಗಿ, ಅಲಸಂದೆ, ಹುರುಳಿ, ಅವರೆ, ಹುಚ್ಚೆಳ್ಳು ನನಗೆ ಗೊತ್ತಿದ್ದವು. ಆದರೆ ನಾಲೆಯ ನೀರು ಬಂದ ಮೇಲೆ ನಮ್ಮೂರಿನಲ್ಲಿ ಸಾಮೆ, ನವಣೆ, ಹಾರಕ, ಬರಗುಗಳನ್ನು ಬಿತ್ತಿದವರಿಲ್ಲ. ಅಜ್ಜಿಯ ತವರು ನಾಗಮಂಗಲದ ಕಡೆಯ ಬೆದ್ದಲು ಸೀಮೆ. ಅವಳು ತನ್ನ ತಮ್ಮನಿಗೆ ಹೇಳಿಸಿ, ಹಳೆಯ ಕ್ಯಾಲೆಂಡರ್ ಹಾಳೆಯಲ್ಲಿ ಕಟ್ಟಿದ ಹತ್ತು ಹನ್ನೆರಡು ಪೊಟ್ಟಣಗಳನ್ನು ತರಿಸಿದಳು. ರಾತ್ರಿ ಊಟವಾದ ಮೇಲೆ ಮೊರದಲ್ಲಿ ಒಂದೊಂದು ಚಿಟಿಕೆ ಸುರಿದು ಕೇಳುವಳು. ನವಣೆ ಮತ್ತು ಬರಗು ನನಗೆ ಒಂದೇ ಎನಿಸುತ್ತಿದ್ದವು, ಎರಡೂ ಹಳದಿ, ಎರಡೂ ಗುಂಡು. "ಕಣ್ಣಲ್ಲಿ ನೋಡಬ್ಯಾಡ, ಬೆರಳಲ್ಲಿ ನೋಡು" ಎಂದಳು. ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿದಾಗ ಬರಗು ನುಣುಪಾಗಿ ಜಾರುತ್ತದೆ, ಗಾತ್ರವೂ ತುಸು ದೊಡ್ಡದು. ನವಣೆ ಸಣ್ಣದು, ಬೆರಳಿಗೆ ಸ್ವಲ್ಪ ಒರಟಾಗಿ ಸಿಗುತ್ತದೆ. ಸಾಮೆಗೆ ಬೂದು ಬಣ್ಣದ ಹೊಳಪು. ಹಾರಕ ಕಂದು, ಸಿಪ್ಪೆ ಗಟ್ಟಿ. ಮೂರು ರಾತ್ರಿಯಲ್ಲಿ ನನಗೆ ದೀಪ ಆರಿಸಿದರೂ ಗುರುತು ಸಿಗುವಂತಾಯಿತು. ಗೊಬ್ಬರಗಳನ್ನು ಅಪ್ಪ ಹೇಳಿಕೊಟ್ಟರು: ಬಿಳಿ ಮಣಿಯಂತಿರುವುದು ಯೂರಿಯಾ, ಬೂದುಗಪ್ಪು ಕಾಳು ಡಿಎಪಿ, ಇಟ್ಟಿಗೆಪುಡಿಯಂತಿರುವುದು ಪೊಟ್ಯಾಷ್. ಬೇಡವೆನ್ನುತ್ತಲೇ ಹೇಳಿಕೊಟ್ಟರು.

ಪರೀಕ್ಷೆಯ ದಿನ ಕೊಠಡಿಯ ಮೇಜುಗಳ ಮೇಲೆ ಸಂಖ್ಯೆ ಬರೆದ ಬಟ್ಟಲುಗಳನ್ನೂ ಉಪಕರಣಗಳನ್ನೂ ಇಟ್ಟಿದ್ದರು. ನಮ್ಮ ಸಾಲಿನಲ್ಲಿದ್ದವರೆಲ್ಲ ನನ್ನಂಥವರೇ. ಅಂಗಿಯ ಕಾಲರಿನ ಕೆಳಗೆ ಬಿಸಿಲಿಗೆ ಕಪ್ಪಾದ ಕತ್ತಿನ ಹುಡುಗರು, ಉಗುರಿನ ಸಂದಿಯಲ್ಲಿ ಮಣ್ಣು ಉಳಿದ ಹುಡುಗಿಯರು. ಬಿಳಿಯ ರೇಷ್ಮೆ ಗೂಡಿನ ಪಕ್ಕದಲ್ಲಿ ಹಸಿರು ಮಿಶ್ರಿತ ಹಳದಿ ಗೂಡು ಇತ್ತು. ಎರಡನೆಯದು ಮೈಸೂರು ತಳಿ ಎಂದು ಬರೆದೆ. ಬೆಂಕಿ ರೋಗ ತಗಲಿದ ಭತ್ತದ ಎಲೆಯನ್ನು ನೋಡಿದ ಕೂಡಲೇ ಗುರುತಿಸಿದೆ, ಹಿಂದಿನ ವರ್ಷ ನಮ್ಮ ಗದ್ದೆಯ ಒಂದು ಮೂಲೆ ಅದಕ್ಕೇ ಹೋಗಿತ್ತು. ಮರದ ಬಟ್ಟಲಿಗೆ ಬಿದಿರಿನ ಕೊಳವೆಗಳನ್ನು ಜೋಡಿಸಿದ್ದ ಕೂರಿಗೆಯ ಮುಂದೆ ತಡವರಿಸಿದೆ. ನಾಟಿ ಮಾಡುವ ನಮ್ಮ ಸೀಮೆಯಲ್ಲಿ ಅದನ್ನು ಕೈಯಲ್ಲಿ ಹಿಡಿದವರಿಲ್ಲ. ಹರಳಿನಂಥ ಎರಡು ಬಿಳಿ ಗೊಬ್ಬರಗಳಲ್ಲಿ ಸತುವಿನ ಸಲ್ಫೇಟ್ ಯಾವುದು, ಅಮೋನಿಯಂ ಸಲ್ಫೇಟ್ ಯಾವುದು ಎಂದು ಅದಲು ಬದಲಾಗಿ ಬರೆದದ್ದು ಹೊರಗೆ ಬಂದ ಮೇಲೆ ತಿಳಿಯಿತು. ಆದರೂ ಬಸ್ಸಿನಲ್ಲಿ ಕೂತಾಗ, ಎರಡು ವರ್ಷದಲ್ಲಿ ಬರೆದ ಎಲ್ಲ ಪರೀಕ್ಷೆಗಳಲ್ಲಿ ನಾನು ಭಯವಿಲ್ಲದೆ ಬರೆದದ್ದು ಇದೊಂದೇ ಎಂದು ಅರಿವಾಯಿತು. ಅಲ್ಲಿಯೇ ನನಗೆ ಬೇಕಾದದ್ದು ಏನೆಂದು ತಿಳಿದುಹೋಯಿತು. ಹೇಳುವ ಧೈರ್ಯ ಮಾತ್ರ ಬರಲಿಲ್ಲ.

ರ‍್ಯಾಂಕುಗಳು ಬಂದವು. ಇಂಜಿನಿಯರಿಂಗ್‌ನಲ್ಲಿ ಐದಂಕಿಯದು, ಕೃಷಿಯಲ್ಲಿ, ಪ್ರಾಯೋಗಿಕ ಸೇರಿಸಿದ ಮೇಲೆ, ನಾಲ್ಕಂಕಿಯದು. ಮೈಸೂರಿನ ಸಹಾಯ ಕೇಂದ್ರದಲ್ಲಿ ದಾಖಲೆ ಪರಿಶೀಲನೆ ನಡೆದ ದಿನ, ಅಷ್ಟು ಓಡಾಡಿ ತಂದ ಕಾಗದಗಳನ್ನು ಅಲ್ಲಿಯ ಅಧಿಕಾರಿ ಒಂದೊಂದಾಗಿ ತಿರುವಿ ಹಾಕಿ ಹದಿನೈದು ನಿಮಿಷದಲ್ಲಿ ಮುಗಿಸಿದರು. ಅಫಿಡವಿಟ್ಟನ್ನು ಮಾತ್ರ ಎರಡು ಸಲ ಓದಿದರು.

ಆಮೇಲೆ ಬಂದದ್ದು ಆಯ್ಕೆ ಪಟ್ಟಿ. ಈಚಿನ ವರ್ಷಗಳಲ್ಲಿ ಕ್ರಮ ಬದಲಾಗಿದೆ. ಆಗ ಇಂಜಿನಿಯರಿಂಗ್, ಕೃಷಿ, ಫಾರ್ಮಸಿ ಎಲ್ಲವನ್ನೂ ಒಂದೇ ಪಟ್ಟಿಯಲ್ಲಿ, ಬೇಕಾದ ಕ್ರಮದಲ್ಲಿ ಬರೆಯಬೇಕಿತ್ತು. ಕಂಪ್ಯೂಟರ್ ಪಟ್ಟಿಯ ಮೇಲಿನಿಂದ ಕೆಳಗೆ ಓದುತ್ತಾ ಬಂದು, ನಮ್ಮ ರ‍್ಯಾಂಕಿಗೆ ಸಿಗುವ ಮೊದಲ ಸೀಟಿನಲ್ಲಿ ನಿಂತುಬಿಡುತ್ತಿತ್ತು. ಅದರ ಕೆಳಗೆ ಏನಿದೆ ಎಂದು ನೋಡುತ್ತಿರಲಿಲ್ಲ. ಸಿಗುತ್ತದೋ ಇಲ್ಲವೋ ಎಂದು ಲೆಕ್ಕ ಹಾಕಿ ಮೇಲೆ ಕೆಳಗೆ ಮಾಡುವುದು ವ್ಯರ್ಥ, ಯಾವುದು ಹೆಚ್ಚು ಇಷ್ಟವೋ ಅದು ಮೇಲಿರಬೇಕು, ಅಷ್ಟೇ. ಈ ಮಾತನ್ನು ಮೇಡಂ ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದರು.

ಮಂಡ್ಯದ ನೂರಡಿ ರಸ್ತೆಯ ಸೈಬರ್ ಕೇಂದ್ರದಲ್ಲಿ ಮಾವ ಪಕ್ಕದಲ್ಲಿ ಕೂತು ಪಟ್ಟಿ ಬರೆಸಿದರು. ಹಿಂದಿನ ವರ್ಷದ ಕೊನೆಯ ರ‍್ಯಾಂಕುಗಳನ್ನು ಅವರು ಒಂದು ನೋಟ್‌ಬುಕ್ಕಿನಲ್ಲಿ 3ಎಜಿ, 3ಎಆರ್, 3ಎಕೆ (ನಮ್ಮ ಪ್ರವರ್ಗದ ಸಾಮಾನ್ಯ, ಗ್ರಾಮೀಣ, ಕನ್ನಡ ಮಾಧ್ಯಮದ ಸೀಟುಗಳು) ಎಂದು ಕಾಲಂ ಎಳೆದು ಬರೆದುಕೊಂಡು ಬಂದಿದ್ದರು. ಎರಡು ರಾತ್ರಿ ನಿದ್ದೆಗೆಟ್ಟ ಕೆಲಸವದು. ಮೊದಲು ಮೈಸೂರಿನ ಇಂಜಿನಿಯರಿಂಗ್ ಕಾಲೇಜುಗಳು, ಆಮೇಲೆ ಮಂಡ್ಯದ ಪಿಇಎಸ್, ಆಮೇಲೆ ಬೆಂಗಳೂರಿನವು. ಒಟ್ಟು 46 ಸಾಲುಗಳಾದವು. ಮಂಡ್ಯದ ವಿ.ಸಿ. ಫಾರಂನ ಕೃಷಿ ಕಾಲೇಜು 39ನೆಯದು. ಅದರ ಮೇಲಿನ 38 ಸಾಲುಗಳಲ್ಲಿ ಒಂದನ್ನಾದರೂ ನಾನು ಹೇಳಿ ಬರೆಸಿರಲಿಲ್ಲ.

ಅಣಕು ಸೀಟು ಹಂಚಿಕೆಯ ಫಲಿತಾಂಶದಲ್ಲಿ ನನಗೆ ಮೈಸೂರಿನ ಕಾಲೇಜೊಂದರಲ್ಲಿ ಎಲೆಕ್ಟ್ರಿಕಲ್ ಬಂದಿತ್ತು. ಇದು ಅಂತಿಮವಲ್ಲ, ಈ ಪಟ್ಟಿಯನ್ನು ಹೀಗೆಯೇ ಬಿಟ್ಟರೆ ಏನಾಗಬಹುದು ಎಂದು ತೋರಿಸುವುದಷ್ಟೇ. ಮನೆಯಲ್ಲಿ ಪಾಯಸ ಮಾಡಿದರು. ಅಮ್ಮ ಪಕ್ಕದ ಮನೆಗೂ ಒಂದು ಲೋಟ ಕೊಟ್ಟು ಬಂದಳು. ನನಗೆ ನುಂಗಲಾಗಲಿಲ್ಲ. ಸಂತೋಷಪಡುತ್ತಿರುವವರ ನಡುವೆ ಕೂತು, ಅವರ ಸಂತೋಷಕ್ಕೆ ಕಾರಣವಾದದ್ದೇ ನಿಜವಾಗಿಬಿಟ್ಟೀತೆಂದು ಹೆದರುವುದು ಎಂಥ ಸಂಕಟವೆಂದು ಆ ದಿನ ಗೊತ್ತಾಯಿತು. ಪಟ್ಟಿಯನ್ನು ತಿದ್ದಲು ಇನ್ನು ಎರಡು ದಿನ ಅವಕಾಶವಿತ್ತು.

ಆ ವರ್ಷ ಮುಂಗಾರು ತಡವಾಗಿ, ನಾಲೆಗೆ ನೀರು ಬಿಟ್ಟಿರಲಿಲ್ಲ. ನಿಂತ ಕಬ್ಬು ಸುಳಿಯಿಂದ ಒಣಗುತ್ತಿತ್ತು. ಹಿಂದಿನ ವರ್ಷ ಅರೆದ ಕಬ್ಬಿನ ಹಣವೂ ಪೂರ್ತಿ ಬಂದಿರಲಿಲ್ಲ. ಅಂಥ ಜಮೀನಿನ ಬದುವಿನ ಮೇಲೆ ಕೂತಿದ್ದ ಅಪ್ಪನ ಬಳಿಗೆ ಹೋಗಿ, ನನಗೆ ಕೃಷಿ ಓದಬೇಕು ಎಂದು ಹೇಳುವುದು ಎಷ್ಟು ಕಷ್ಟವೆಂದು ಹೇಗೆ ಬರೆಯಲಿ? ಅವರು ರೇಗಲಿಲ್ಲ. ಒಣಗಿದ ಗರಿಯೊಂದನ್ನು ಮುರಿದು ತೋರಿಸಿ, "ನಾನು ಇದರಲ್ಲಿ ಬಿದ್ದಿರೋದು ಸಾಲ್ದಾ?" ಎಂದರು. ಅದರಲ್ಲಿ ಕೋಪಕ್ಕಿಂತ ಹೆಚ್ಚಾಗಿ ನನ್ನ ಬಗೆಗಿನ ಕಾಳಜಿಯಿತ್ತು, ಹಾಗಾಗಿ ಉತ್ತರ ಕೊಡುವುದು ಇನ್ನೂ ಕಷ್ಟವಾಯಿತು.

ನಾಲ್ಕು ವರ್ಷ ಓದಿದರೆ ಕೃಷಿ ಇಲಾಖೆ, ಬ್ಯಾಂಕು, ಬೀಜ ಕಂಪನಿ, ಮುಂದೆ ಓದಿ ಸಂಶೋಧನೆ ಎಂದು ಮೇಡಂ ಹೇಳಿಕೊಟ್ಟದ್ದನ್ನೆಲ್ಲ ಹೇಳಿದೆ. ಅಪ್ಪ ಕೇಳಿಸಿಕೊಂಡರು, ಅಷ್ಟೆ. ಕೊನೆಗೆ ನಾನು ಕೇಳಿದ್ದು ಬೇರೆ: "ಅಜ್ಜಿ ಬಿತ್ತುತ್ತಿದ್ದ ಇಂಡಾಫ್ ರಾಗಿ ಎಲ್ಲಿಂದ ಬಂತು ಗೊತ್ತಾ?" ಪ್ರಾಯೋಗಿಕ ಪರೀಕ್ಷೆಗಾಗಿ ಓದಿದ್ದೆ. ಭಾರತದ ರಾಗಿಯನ್ನೂ ಆಫ್ರಿಕಾದ ರಾಗಿಯನ್ನೂ ಸಂಕರ ಮಾಡಿ, ಆ ಎರಡು ಹೆಸರುಗಳನ್ನೇ ಕೂಡಿಸಿ ಇಂಡಾಫ್ ಎಂದು ಕರೆದ ತಳಿಗಳು ಹುಟ್ಟಿದ್ದು ಮಂಡ್ಯದ ವಿ.ಸಿ. ಫಾರಂನಲ್ಲಿ. ಅವನ್ನು ರೂಪಿಸಿದವರು, ರಾಗಿ ಬ್ರಹ್ಮ ಎಂದು ಜನ ಕರೆದ ಸಿ.ಎಚ್. ಲಕ್ಷ್ಮಣಯ್ಯನವರು. ರಾಗಿಯ ಹೂವು ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು. ಅದರಲ್ಲಿ ಸಂಕರ ಮಾಡಲು ಎಷ್ಟು ತಾಳ್ಮೆ ಬೇಕೋ ಯೋಚಿಸಿದಷ್ಟೂ ನನಗೆ ಬೆರಗಾಗುತ್ತಿತ್ತು. ಇದನ್ನೆಲ್ಲ ಹೇಳುತ್ತಾ ಹೋದಂತೆ ನನ್ನ ದನಿ ಬದಲಾಗಿರಬೇಕು. ಅಪ್ಪ ನನ್ನನ್ನೇ ನೋಡುತ್ತಿದ್ದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಂಡಾಫ್ ಬಂದ್ಮೇಲೆ ನಮ್ಮ ಮನೇಲಿ ಹಿಟ್ಟಿಗೆ ಕಮ್ಮಿ ಆದದ್ದಿಲ್ಲ, ಅಂತ ನಮ್ಮಪ್ಪ ಹೇಳೋರು" ಎಂದರು. ಮತ್ತೂ ಸ್ವಲ್ಪ ಹೊತ್ತಾದ ಮೇಲೆ, "ಮಾವನಿಗೆ ನೀನೇ ಹೇಳು" ಎಂದು ಎದ್ದರು.

ಮಾವನಿಗೆ ಫೋನಿನಲ್ಲಿ ಹೇಳಿದೆ. ಅವರು ಬೇಸರ ಮಾಡಿಕೊಂಡದ್ದು ಅವರ ಮೌನದಲ್ಲಿ ತಿಳಿಯಿತು. ಆದರೆ ಮರುದಿನ ಬೆಳಿಗ್ಗೆ ಎಂಟಕ್ಕೆ ಅದೇ ಸೈಬರ್ ಕೇಂದ್ರದ ಮುಂದೆ, ಅದೇ ನೋಟ್‌ಬುಕ್ ಹಿಡಿದು ನಿಂತಿದ್ದರು. ಸರ್ವರ್ ನಿಧಾನವಾಗಿತ್ತು; ಒಂದೊಂದು ಬದಲಾವಣೆಗೂ ಪರದೆ ಬೆಳ್ಳಗಾಗಿ ಮತ್ತೆ ಮೂಡಬೇಕು. 39 ಇದ್ದ ಕಡೆ 1 ಎಂದು ನಾನೇ ಒತ್ತಿದೆ. ಎರಡನೆಯದು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ, ಮೂರನೆಯದು ಹಾಸನದ ಕೃಷಿ ಕಾಲೇಜು, ನಾಲ್ಕನೆಯದು ಮೈಸೂರಿನ ತೋಟಗಾರಿಕೆ ಕಾಲೇಜು. ಜಿಕೆವಿಕೆ ಹೆಚ್ಚು ಹೆಸರಾದದ್ದು, ಅದನ್ನೇ ಮೊದಲು ಹಾಕು ಎಂದು ಮಾವ ಹೇಳಿದರು. ಯೋಚಿಸಿದೆ. ನಾನು ಕಲಿಯುವ ಮಣ್ಣು, ಬೆಳೆ, ನೀರು ನಮ್ಮ ಮನೆಯವೇ ಆಗಿರಬೇಕು ಎಂಬ ಆಸೆ ಗಟ್ಟಿಯಾಗಿತ್ತು, ಕ್ರಮ ಬದಲಿಸಲಿಲ್ಲ. ಮುದ್ರಿಸಿದ ಪ್ರತಿಯನ್ನು ಮಾವ ಮೇಲಿನಿಂದ ಕೆಳಗೆ ಬೆರಳಿಟ್ಟು ಓದಿ, ಕೋರ್ಸಿನ ಸಂಕೇತಗಳು ಸರಿಯಿವೆಯೇ ಎಂದು ನೋಡಿದರು. ಒಂದು ಕಡೆ ತಪ್ಪಿತ್ತು, ಅದನ್ನು ಹಿಡಿದವರೂ ಅವರೇ.

ಮೊದಲ ಸುತ್ತಿನಲ್ಲಿಯೇ ಮೊದಲ ಸಾಲಿನ ಸೀಟು ಬಂತು. ಮುಂದಿನ ಸುತ್ತಿಗೆ ಕಾಯುವ, ಬಿಟ್ಟುಕೊಡುವ ಆಯ್ಕೆಗಳೂ ಪರದೆಯ ಮೇಲಿದ್ದವು. ನಾನು ಸೀಟನ್ನು ಒಪ್ಪಿಕೊಳ್ಳುವ 'ಚಾಯ್ಸ್ ಒಂದು' ಒತ್ತಿ, ಚಲನ್ ಮುದ್ರಿಸಿಕೊಂಡು, ಬ್ಯಾಂಕಿನಲ್ಲಿ ಶುಲ್ಕ ಕಟ್ಟಿದೆ. ಮಾರನೆಯ ದಿನ ಅಪ್ಪನೂ ನಾನೂ ಮೂಲ ದಾಖಲೆಗಳ ಚೀಲ ಹಿಡಿದು ವಿ.ಸಿ. ಫಾರಂಗೆ ಹೋದೆವು. ಕಚೇರಿಯ ಕೆಲಸ ಮುಗಿಯುವವರೆಗೆ ಅಪ್ಪ ಹೊರಗಿರುತ್ತೇನೆ ಎಂದವರು ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಪ್ರಯೋಗದ ತಾಕೊಂದರ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ತಳಿಯ ಹೆಸರು ಬರೆದಿದ್ದ ತಗಡಿನ ಫಲಕವನ್ನು ಓದುತ್ತಿದ್ದರು. ಅಲ್ಲಿಯ ಕೆಲಸಗಾರರೊಬ್ಬರನ್ನು ಎಕರೆಗೆ ಎಷ್ಟು ಬರುತ್ತದೆ ಎಂದು ಕೇಳಿ ತಿಳಿದುಕೊಂಡೂ ಆಗಿತ್ತು.

ಆ ಸಂಜೆ ದೊಡ್ಡಪ್ಪ ನಮ್ಮ ಮನೆಗೆ ಬಂದರು. ಮೂರು ವರ್ಷದಲ್ಲಿ ಅದೇ ಮೊದಲು. ಅಪ್ಪ ಚಾಪೆ ಹಾಸಿದರು. ದೊಡ್ಡಪ್ಪ ಕೂತು, ಅಮ್ಮ ಕೊಟ್ಟ ಕಾಫಿಯ ಲೋಟವನ್ನು ಪಕ್ಕಕ್ಕಿಟ್ಟು, "ಎಲ್ಲವ್ವಾ ಆ ಕಾಗದ, ನಾನು ಸಹಿ ಹಾಕಿದ್ದಕ್ಕೆ ಏನು ಕೊಟ್ರು ನೋಡನ" ಎಂದರು. ಪ್ರವೇಶ ಆದೇಶ ಇಂಗ್ಲಿಷಿನಲ್ಲಿತ್ತು. ಅವರ ಪಕ್ಕದಲ್ಲಿ ಕೂತು, ನನ್ನ ಹೆಸರಿನಿಂದ ಹಿಡಿದು ಕಾಲೇಜಿನ ಹೆಸರಿನವರೆಗೆ ಒಂದೊಂದು ಸಾಲನ್ನೂ ಕನ್ನಡದಲ್ಲಿ ಓದಿ ಹೇಳಿದೆ.